ದಾಖಲೆಯಲ್ಲಿ ಸತ್ತ ಹುಡುಗಿ

ಪರರ ಮಗುವನ್ನು ಸಾಕುವುದು ಪುಣ್ಯದ ಕೆಲಸವೆಂದು ನಂಬಿದವರು ನಾವು. ಕರ್ಣನ ಕಥೆ ಹೇಳುವಾಗ ರಾಧೆಯನ್ನು ನೆನೆಯದಿದ್ದರೆ ನಮಗೆ ಸಮಾಧಾನವಿಲ್ಲ. ಆದರೂ ರಾಧೆ ಎಷ್ಟು ಪ್ರೀತಿಸಿದರೂ ಕರ್ಣನ ಒಳಗಿನ ಉರಿ ಆರಲಿಲ್ಲ. ಅವನು ಯಾರೆಂದು ಬಲ್ಲವರು ಅದನ್ನು ಅವನಿಗೆ ಹೇಳದೆ ಮುಚ್ಚಿಟ್ಟಿದ್ದರು. ಕೆನಡಾ ದೇಶದಲ್ಲಿ ಇಂಥ ಮುಚ್ಚಿಡುವಿಕೆ ಸಾವಿರಾರು ಮೂಲನಿವಾಸಿ ಮಕ್ಕಳ ಪಾಲಿಗೆ ಬಂತು. ಅಲ್ಲಿ ಮುಚ್ಚಿಟ್ಟದ್ದು ಸರ್ಕಾರವೇ.

1951ರಲ್ಲಿ ಅಲ್ಲಿನ ಕಾನೂನು ಬದಲಾಗಿ, ಮೂಲನಿವಾಸಿಗಳ ವಸತಿಗಳಿಗೂ ಪ್ರಾಂತಗಳ ಮಕ್ಕಳ ಕಲ್ಯಾಣ ಇಲಾಖೆಗಳು ಕಾಲಿಟ್ಟವು. ಬಡತನವನ್ನು ಕಂಡ ಅಧಿಕಾರಿಗಳು ಅದನ್ನು ತಾಯಿಯ ಅಲಕ್ಷ್ಯವೆಂದು ಬರೆದುಕೊಂಡರು. ಅಜ್ಜಿಯೋ ಚಿಕ್ಕಮ್ಮನೋ ಮಗುವನ್ನು ನೋಡಿಕೊಳ್ಳುವುದು ಆ ಜನರಲ್ಲಿ ನಮ್ಮಲ್ಲಿಯಂತೆಯೇ ಸಹಜ. ಅದೂ ತಪ್ಪಾಗಿ ಕಂಡಿತು. ಮಕ್ಕಳನ್ನು ಒಯ್ದು ಬಿಳಿಯರ ಮನೆಗಳಿಗೆ ದತ್ತು ಕೊಟ್ಟರು. ಕೆಲವರು ಗಡಿ ದಾಟಿ ಅಮೆರಿಕವನ್ನೂ ಸೇರಿದರು. 1967ರಲ್ಲಿ ಸಸ್ಕಾಚೆವಾನ್ ಪ್ರಾಂತದಲ್ಲಿ ಇಂಥ ಮಕ್ಕಳ ಭಾವಚಿತ್ರಗಳನ್ನು ಪತ್ರಿಕೆಗಳಲ್ಲಿ ಜಾಹೀರಾತಾಗಿ ಹಾಕಿದ್ದುಂಟು. 1991ರವರೆಗಿನ ನಾಲ್ಕು ದಶಕಗಳಲ್ಲಿ ಹೀಗೆ ಹೋದ ಮಕ್ಕಳು ಸುಮಾರು 20,000 ಎಂಬ ಅಂದಾಜಿದೆ. ಇದಕ್ಕೆ ‘ಸಿಕ್ಸ್‌ಟೀಸ್ ಸ್ಕೂಪ್’ ಎಂಬ ಹೆಸರು ಬಿದ್ದಿದೆ. ಅರವತ್ತರ ದಶಕದಲ್ಲಿ ಬಾಚಿಕೊಂಡು ಹೋದದ್ದು ಎಂದರ್ಥ.

ಒಂಟಾರಿಯೊ ಪ್ರಾಂತದ ಮಾರ್ಸಿಯಾ ಬ್ರೌನ್ ಮಾರ್ಟೆಲ್ ಆ ಮಕ್ಕಳಲ್ಲಿ ಒಬ್ಬರು. ನಾಲ್ಕನೆಯ ವಯಸ್ಸಿಗೆ ಮನೆಯಿಂದ ಒಯ್ದರು, ಒಂಬತ್ತನೆಯ ವಯಸ್ಸಿಗೆ ಬೇರೆ ಜನರಿಗೆ ದತ್ತು ಕೊಟ್ಟರು. ದೊಡ್ಡವರಾಗಿ ತಮ್ಮವರ ಬಳಿ ಹಿಂತಿರುಗಿದ ಮೇಲೆ ಅವರಿಗೊಂದು ಸಂಗತಿ ತಿಳಿಯಿತು. ಹುಟ್ಟಿನಿಂದ ಅವರಾಗಿದ್ದ ಆ ಹುಡುಗಿ ಸತ್ತಿದ್ದಾಳೆಂದು ಸರ್ಕಾರದ ಕಾಗದಗಳು ಹೇಳುತ್ತಿದ್ದವು!

ನಮ್ಮ ಕೆಲವು ಮನೆತನಗಳಲ್ಲಿ ಮದುವೆಯಾದ ಹೆಣ್ಣಿಗೆ ಹೊಸ ಹೆಸರಿಡುತ್ತಿದ್ದರು. ಹೆಸರು ಹೋದರೂ ಅವಳಿಗೆ ತವರಿನ ದಾರಿ ಗೊತ್ತಿರುತ್ತಿತ್ತು, ಗೌರಿಹಬ್ಬಕ್ಕೆ ಬಾಗಿನ ಬರುತ್ತಿತ್ತು. ಈ ಮಕ್ಕಳಿಗೆ ತವರು ಎಲ್ಲಿದೆಯೆಂದು ಹೇಳುವವರೇ ಇರಲಿಲ್ಲ. ಹುಡುಕಿಕೊಂಡು ಮರಳಿದ ಅನೇಕರಿಗೆ ಹೆತ್ತವಳ ಮಾತು ಅರ್ಥವಾಗದಷ್ಟು ಭಾಷೆ ಮರೆತುಹೋಗಿತ್ತು.

ಮಾರ್ಸಿಯಾ ಮುಂದೆ ಬೀವರ್‌ಹೌಸ್ ಎಂಬ ತಮ್ಮ ಜನಸಮುದಾಯದ ಮುಖ್ಯಸ್ಥೆಯಾದರು. 2009ರಲ್ಲಿ ತಮ್ಮಂಥ ಸಾವಿರಾರು ಜನರ ಪರವಾಗಿ ಕೇಂದ್ರ ಸರ್ಕಾರದ ಮೇಲೆ ದಾವೆ ಹೂಡಿದರು. ಎಂಟು ವರ್ಷ ಕಾದ ಮೇಲೆ, 2017ರ ಫೆಬ್ರವರಿ 14ರಂದು ನ್ಯಾಯಾಧೀಶ ಎಡ್ವರ್ಡ್ ಬೆಲೊಬಾಬಾ ಅವರ ಪರ ತೀರ್ಪಿತ್ತರು. ದತ್ತು ಹೋದ ಮಕ್ಕಳು ತಮ್ಮ ಮೂಲಗುರುತನ್ನು ಕಳೆದುಕೊಳ್ಳದಂತೆ ಎಚ್ಚರ ವಹಿಸಬೇಕಾದ ಕರ್ತವ್ಯದಲ್ಲಿ ಸರ್ಕಾರ ತಪ್ಪಿದೆ ಎಂದರು. ಮಗುವಿನ ಮೂಲವೇನು, ಅದಕ್ಕೆ ಯಾವ ಹಕ್ಕುಗಳಿವೆ ಎಂಬುದನ್ನು ಸಾಕಿದ ತಂದೆತಾಯಿಗಳಿಗೂ ತಿಳಿಸಿರಲಿಲ್ಲವೆಂಬ ಮಾತು ಆ ತೀರ್ಪಿನಲ್ಲಿದೆ. ಹೆತ್ತವಳಿಗೆ ಮಗು ಹೋಯಿತು. ಸಾಕಿದವಳ ಮಡಿಲಿಗೆ ಬಂದದ್ದು ಕಥೆಯಿಲ್ಲದ ಮಗು.

ಆಮೇಲೆ ಸರ್ಕಾರ 80 ಕೋಟಿ ಡಾಲರುಗಳ ಒಪ್ಪಂದಕ್ಕೆ ಬಂತು. ಅರ್ಹರಾದವರಿಗೆ ತಲಾ 25,000 ಡಾಲರ್ ಸಿಕ್ಕಿತು. ಮೇಟಿ ಎಂಬ ಮಿಶ್ರಮೂಲದ ಸಮುದಾಯದವರು ಮಾತ್ರ ಅದರಿಂದ ಹೊರಗುಳಿದರು. ಮಕ್ಕಳ ಪಾಲನೆಯ ಅಧಿಕಾರವನ್ನು ಮೂಲನಿವಾಸಿಗಳಿಗೇ ಒಪ್ಪಿಸುವ ಕಾನೂನು 2020ರ ಜನವರಿಯಿಂದ ಜಾರಿಗೆ ಬಂದಿದೆ. ಹಣದಿಂದ ಬಾಲ್ಯ ಮರಳಿ ಬರುವುದಿಲ್ಲ, ನಿಜ. ಆದರೆ ಸತ್ತಳೆಂದು ಬರೆದ ಸರ್ಕಾರದ ಎದುರು ನಿಂತು, ‘ನಾನು ಬದುಕಿದ್ದೇನೆ’ ಎಂದು ಹೆಣ್ಣೊಬ್ಬಳು ಸಾಧಿಸಿ ತೋರಿಸಿದ್ದು ಸಣ್ಣ ಮಾತಲ್ಲ.

ಇಷ್ಟು ವರ್ಷ ಹಾಜರಿ ಪುಸ್ತಕ ಹಿಡಿದ ನನಗೆ ಹೆಸರಿನ ಬೆಲೆ ಸ್ವಲ್ಪ ಗೊತ್ತು. ಕಾಡಂಚಿನ ಹಾಡಿಗಳಿಂದ ಬಂದ ಮಕ್ಕಳ ಹೆಸರನ್ನು ‘ಚೆನ್ನಾಗಿಲ್ಲ’ವೆಂದು ತಿದ್ದಿ ಬರೆಯುವುದನ್ನು ನೋಡಿದ್ದೇನೆ. ಒಳ್ಳೆಯದಾಗಲೆಂದೇ ಹಾಗೆ ಮಾಡುತ್ತಾರೆ. ಕೆನಡಾದ ಅಧಿಕಾರಿಗಳಲ್ಲೂ ಎಷ್ಟೋ ಮಂದಿ ಒಳ್ಳೆಯದಾಗಲೆಂದೇ ಬಯಸಿದ್ದಿರಬೇಕು. ಮಗುವಿಗೆ ಅನ್ನ, ಬಟ್ಟೆ, ಅಕ್ಷರ ಎಲ್ಲವನ್ನೂ ಕೊಡೋಣ. ಜೊತೆಗೆ, ‘ನೀನು ಇಂಥವರ ಮಗು, ನಿನ್ನವರ ಮಾತು ಇದು’ ಎಂದು ಹೇಳುವಷ್ಟು ಎದೆ ನಮಗಿರಲಿ. ಸಾಕಿದ ತಾಯಿಯ ಪಾಲು ಅದರಿಂದ ಕಡಿಮೆಯಾಗುವುದಿಲ್ಲ.