ಹತ್ತಿ ಧೂಳಿನ ನಡುವೆ ಉಸಿರೆಣಿಸುವ ಪಟ್ಟಿ

ಎದೆಗೆ ಕಟ್ಟಿದರೆ ಅಥವಾ ಅಂಟಿಸಿದರೆ ಸಾಕು, ಕೆಲಸದ ನಡುವೆಯೇ ಉಸಿರಾಟವನ್ನು ಅಳೆದು ಲೆಕ್ಕವನ್ನು ತಂತಿಯಿಲ್ಲದೆ ಮೊಬೈಲಿಗೆ ಕಳಿಸುವ ಪುಟ್ಟ ಸಾಧನಗಳಿವೆ. ಅವುಗಳಿಗೆ ಧರಿಸುವ ಸೆನ್ಸರ್‌ಗಳು ಎನ್ನುತ್ತಾರೆ. ಧೂಳಿನಲ್ಲಿ ದುಡಿಯುವವರಿಗೆ ಇವು ಬೇಕಾದಷ್ಟು ಇನ್ನಾರಿಗೂ ಬೇಕಿಲ್ಲ ಎಂಬುದು ನನ್ನ ಎಣಿಕೆ.

ಆದವಾನಿಯ ಹತ್ತಿ

ಅಂಥ ದುಡಿಮೆ ನಡೆಯುವ ಆದವಾನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಇದು ಎರೆ ಹೊಲದ ಹತ್ತಿ ಸೀಮೆ. ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮಾತಿದೆ. ಜಿನ್ನಿಂಗ್ ಮಿಲ್ಲುಗಳಲ್ಲಿ ಬೀಜ ಬಿಡಿಸಿ, ಅರಳೆಯನ್ನು ಸುಮಾರು 170 ಕಿಲೊದ ಬೇಲುಗಳಾಗಿ ಒತ್ತುತ್ತಾರೆ. ಆಗ ಏಳುವ ಧೂಳಿನಲ್ಲಿ ನಾರಿನ ಎಳೆಯಷ್ಟೇ ಅಲ್ಲ, ಒಣಗಿದ ಎಲೆಯ ಪುಡಿ ಮತ್ತು ಬ್ಯಾಕ್ಟೀರಿಯಾಗಳಿಂದ ಬಂದ ಎಂಡೋಟಾಕ್ಸಿನ್ ಎಂಬ ವಿಷವೂ ಇರುತ್ತದೆ.

ವರ್ಷಗಟ್ಟಲೆ ಆ ಧೂಳನ್ನು ಉಸಿರಾಡಿದರೆ ಬರುವ ಶ್ವಾಸರೋಗ ಬಿಸಿನೋಸಿಸ್. ನೂಲಿನ ಗಿರಣಿಗಳಲ್ಲಿ ಹೆಚ್ಚು, ಜಿನ್ನುಗಳಲ್ಲೂ ಉಂಟು. ವಾರದ ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿಯುವುದು ಅದರ ಗುರುತು. ನಾಲ್ಕು ದಿನ ಬಿಟ್ಟು ಆಸ್ಪತ್ರೆಗೆ ಹೋದರೆ ಆ ಬಿಗಿತ ಕಾಣದೇ ಹೋಗಬಹುದು. ದಿನವಿಡೀ ಅಳೆಯುವ ಸಾಧನದ ಬೆಲೆ ಇರುವುದು ಇಲ್ಲಿಯೇ.

ಅಳೆಯುವ ಬಗೆ

ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಎದೆಪಟ್ಟಿಯ ಸೆನ್ಸರ್ ಪಕ್ಕೆ ಹಿಗ್ಗಿ ಕುಗ್ಗುವುದನ್ನು ಹಿಡಿಯುತ್ತದೆ. ಅಂಟುಪಟ್ಟಿಯೊಳಗಿನ ಆಕ್ಸೆಲೆರೋಮೀಟರ್ ಎದೆಯ ಅಲುಗಾಟವನ್ನು ಗಮನಿಸುತ್ತದೆ. ಬೆಂಗಳೂರಿನ ಡೋಜಿ ಸಂಸ್ಥೆಯದು ಬೇರೆ ದಾರಿ: ಅದರ ಹಾಳೆಯನ್ನು ಹಾಸಿಗೆಯ ಕೆಳಗೆ ಇಡುತ್ತಾರೆ, ಮೈಗೆ ಏನನ್ನೂ ಕಟ್ಟುವುದಿಲ್ಲ. ಮಲಗಿದವರಿಗೆ ಅದು ಸರಿ, ಮಿಲ್ಲಿಗೆ ಆಗದು.

ಬ್ಯಾಟರಿಯ ಲೆಕ್ಕ

ಗುಂಡಿಯಾಕಾರದ ಸಿಆರ್2032 ಬ್ಯಾಟರಿಯಲ್ಲಿ ಸುಮಾರು 225 ಮಿಲಿಆಂಪ್-ಗಂಟೆ ವಿದ್ಯುತ್ ಇರುತ್ತದೆ. ಸಾಧನ ಸರಾಸರಿ 1 ಮಿಲಿಆಂಪ್ ಎಳೆದರೆ ಒಂಬತ್ತು ದಿನಕ್ಕೆ ಖಾಲಿ. 50 ಮೈಕ್ರೊಆಂಪ್‌ಗೆ ಇಳಿಸಿದರೆ ಲೆಕ್ಕದ ಪ್ರಕಾರ ಆರು ತಿಂಗಳು, ಅಂದರೆ ಹತ್ತಿಯ ಒಂದು ಹಂಗಾಮು! ಹೆಚ್ಚು ವಿದ್ಯುತ್ ನುಂಗುವುದು ರೇಡಿಯೊ. ಆದ್ದರಿಂದ ಚಿಪ್ ಉಸಿರನ್ನು ತಾನೇ ಎಣಿಸಿಕೊಂಡು, ನಿಮಿಷಕ್ಕೊಂದು ಸಂಖ್ಯೆಯನ್ನಷ್ಟೇ ಬ್ಲೂಟೂತ್ ಲೋ ಎನರ್ಜಿ ಮೂಲಕ ಕಳಿಸಿ ಮತ್ತೆ ನಿದ್ದೆಗೆ ಜಾರಬೇಕು. ಉಸಿರು ನಿಧಾನದ ಅಲೆ, ಸೆಕೆಂಡಿಗೆ ಹತ್ತು ಸಲ ಅಳೆದರೂ ಸಾಕು.

ಮಿತಿಗಳು

ಮೂಟೆ ಎತ್ತುವಾಗ, ಬಗ್ಗಿ ಗುಡಿಸುವಾಗ ಎದೆಯ ಚಲನೆ ಯಾವುದು, ಮೈಯ ಚಲನೆ ಯಾವುದು ಎಂದು ಸೆನ್ಸರ್‌ಗೆ ಗೊಂದಲವಾಗುತ್ತದೆ. ದುಡಿಮೆಯಿಂದಲೂ ಉಸಿರು ಏರುತ್ತದೆ. ಆದ್ದರಿಂದ ಕುಳಿತು ದಣಿವಾರಿಸಿಕೊಳ್ಳುವ ಹೊತ್ತಿನ ಅಂಕಿಯೇ ನಂಬಲರ್ಹ. ಅದೂ ರೋಗವನ್ನು ಖಚಿತಪಡಿಸದು. ಪಾಳಿಯ ಮೊದಲು ಮತ್ತು ನಂತರ ಸ್ಪೈರೋಮೀಟರ್‌ಗೆ ಊದಿಸಿ, ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಎಷ್ಟು ಇಳಿದಿದೆ ಎಂದು ನೋಡಲೇಬೇಕು.

ಕಾನೂನು

1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಬಿಸಿನೋಸಿಸ್ ವರದಿ ಮಾಡಲೇಬೇಕಾದ ರೋಗಗಳ ಸಾಲಿಗೆ ಸೇರಿತ್ತು. ಅದೇ ವರ್ಷದ, ಕಾರ್ಮಿಕರಿಗೆ ವಿಮೆ ಕೊಡುವ ಇಎಸ್‌ಐ ಕಾಯ್ದೆ ಮಾತ್ರ ಹತ್ತಿ ಜಿನ್ನಿಂಗ್ ಒಂದನ್ನೇ ಮಾಡುವ ಕಾರ್ಖಾನೆಗಳನ್ನು ಋತುಮಾನದವು ಎಂದು ಹೊರಗಿಟ್ಟಿತು. ಇದು ಅನ್ಯಾಯ. ಹಂಗಾಮಿನ ಕೆಲಸವಾದರೂ ಶ್ವಾಸಕೋಶ ವರ್ಷವಿಡೀ ಬೇಕು. ಜಿನ್ನಿನಲ್ಲಿ ದುಡಿಯುವವರು ಎದೆ ಬಿಗಿತಕ್ಕೆ ವೈದ್ಯರ ಬಳಿ ಹೋದಾಗ ತಮ್ಮ ಕೆಲಸ ಏನು, ರಜೆಯ ಮರುದಿನ ಹೇಗಿರುತ್ತದೆ ಎಂಬ ಎರಡನ್ನೂ ತಪ್ಪದೆ ಹೇಳಬೇಕು.