ಕಲ್ಲಿನೊಳಗೆ ಸದ್ದು ನಡೆಯುವ ಬಗೆ

ಗೆಜ್ಜಲಗೆರೆಯ ಕಡೆ ಬಾವಿ ತೋಡುವಾಗ ಹಾರೆ ಮಣ್ಣಿಗೆ ಬಿದ್ದರೆ ‘ಧಪ್’ ಅನ್ನುತ್ತದೆ, ಗಟ್ಟಿ ಬಂಡೆಗೆ ತಾಗಿದರೆ ‘ಠಣ್’ ಅನ್ನುತ್ತದೆ. ನಡುವೆ ಸಿಗುವ ಕೊಳೆತ ಕಲ್ಲಿನ ಸದ್ದೇ ಬೇರೆ. ಈ ಭೇದವನ್ನು ಅಳೆದವರ ಕಥೆಯನ್ನು ಇವತ್ತು ಹೇಳುತ್ತೇನೆ. ಸಾಲ ಮಾಡಿ ಬೋರು ಕೊರೆಸುವ ಮುಂಚೆ ಇದನ್ನು ಕೇಳಿ.

1849ರಲ್ಲಿ ಐರ್ಲೆಂಡಿನ ಇಂಜಿನಿಯರ್ ರಾಬರ್ಟ್ ಮ್ಯಾಲೆಟ್ ಕಡಲದಂಡೆಯ ಮರಳಿನಲ್ಲಿ ಮದ್ದು ಹೂತು ಸಿಡಿಸಿದರು. ದೂರದಲ್ಲಿ ಪಾದರಸವಿಟ್ಟು, ಅದು ಅಲುಗಿದ ಗಳಿಗೆಯನ್ನು ಗುರುತು ಮಾಡಿದರು. ಸದ್ದಿನ ಅಲೆ ಮರಳಿನಲ್ಲಿ ಸೆಕೆಂಡಿಗೆ ಸುಮಾರು 825 ಅಡಿ ಓಡಿತ್ತು. ಗ್ರಾನೈಟ್ ಬಂಡೆಯಲ್ಲಿ ಅದರ ಎರಡರಷ್ಟು ಓಡಿತು. ಪಾದರಸಕ್ಕೆ ಮೊದಲ ಸಣ್ಣ ಅಲೆ ಕಾಣಲಿಲ್ಲ. ಗಟ್ಟಿ ಗ್ರಾನೈಟಿನಲ್ಲಿ ನಿಜವಾದ ವೇಗ ಸುಮಾರು 16,000 ಅಡಿ ಎಂದು ಆಮೇಲಿನ ಸೂಕ್ಷ್ಮ ಯಂತ್ರಗಳು ತೋರಿಸಿದವು.

ಕಲ್ಲಿನ ಸಂದಿನಲ್ಲಿ ನೀರು ತುಂಬಿದ್ದರೆ ಏನಾಗುತ್ತದೆ? ಬೆಲ್ಜಿಯಂನಲ್ಲಿ ಹುಟ್ಟಿದ ಮಾರಿಸ್ ಬಿಯೊ 1956ರಲ್ಲಿ ಇದಕ್ಕೆ ಲೆಕ್ಕ ಕೊಟ್ಟರು. ಕಲ್ಲೂ ನೀರೂ ಜೋಡೆತ್ತಿನ ಹಾಗೆ ಒಟ್ಟಾಗಿ ಹೆಜ್ಜೆ ಹಾಕಿದರೆ ವೇಗದ ಅಲೆ. ಒಂದು ಅತ್ತ, ಒಂದು ಇತ್ತ ಎಳೆದರೆ ನಿಧಾನದ ಅಲೆ. ಈ ಎರಡನೆಯದು ಬಲು ಬೇಗ ಅಡಗಿಹೋಗುತ್ತದೆ. 1980ರಲ್ಲಿ ಥಾಮಸ್ ಪ್ಲೋನಾ ಪ್ರಯೋಗ ಮಾಡಿ ಅದನ್ನು ಕಂಡುಹಿಡಿದರು.

ನಮ್ಮ ನಾಡಿನಲ್ಲೂ 1965ರಲ್ಲಿ ಗೌರಿಬಿದನೂರಿನ ಬಳಿ ನೆಲದ ಕಂಪನ ಕೇಳುವ ಯಂತ್ರಗಳ ಸಾಲು ನಿಂತಿತು. ದೂರದೇಶದ ಭೂಕಂಪ, ನೆಲದಡಿಯ ಅಣುಸ್ಫೋಟ ಅದಕ್ಕೆ ತಿಳಿಯುತ್ತವೆ. ಗಟ್ಟಿ ಬಂಡೆ ಸದ್ದನ್ನು ದೂರ ಒಯ್ಯುತ್ತದೆ; ಸಡಿಲ ನೆಲ ನುಂಗಿಬಿಡುತ್ತದೆ.

ಇದರಿಂದ ನಮಗೇನು ಲಾಭ ಅಂತೀರಾ? ಮಂಡ್ಯ ಸೀಮೆಯ ಅಡಿಯಲ್ಲಿರುವುದು ಗ್ನೈಸ್ ಮತ್ತು ಗ್ರಾನೈಟ್ ಬಂಡೆ. ನೀರು ನಿಲ್ಲುವುದು ಮೇಲಿನ ಕೊಳೆತ ಕಲ್ಲಿನ ಸಂದಿನಲ್ಲಿ, ಕೆಳಗಿನ ಬಿರುಕಿನಲ್ಲಿ. ನೆಲಕ್ಕೆ ಸಮ್ಮಟಿಗೆಯಿಂದ ಬಡಿದು, ಸಾಲಾಗಿಟ್ಟ ಯಂತ್ರಗಳಿಗೆ ಸದ್ದು ಮುಟ್ಟಿದ ಹೊತ್ತನ್ನು ಅಳೆದರೆ, ಕೊಳೆತ ಕಲ್ಲಿನ ಪದರ ಎಷ್ಟು ಆಳ ಎಂಬುದು ಗೊತ್ತಾಗುತ್ತದೆ. ಆದರೆ ನೀರಿದೆ ಎಂಬ ಖಾತರಿ ಇಲ್ಲ. ಒಣಗಿದ ಕೊಳೆತ ಕಲ್ಲೂ, ನೀರು ತುಂಬಿದ ಸಡಿಲ ಮಣ್ಣೂ ಒಂದೇ ವೇಗ ತೋರಿಸಬಹುದು. ಆದ್ದರಿಂದ ಭೂವಿಜ್ಞಾನಿಗಳಿಂದ ವಿದ್ಯುತ್ ಪರೀಕ್ಷೆಯನ್ನೂ ಮಾಡಿಸಿ, ಅಕ್ಕಪಕ್ಕದ ಬಾವಿಗಳ ಆಳವನ್ನೂ ವಿಚಾರಿಸಿ.

ಒಂದು ಮಾತು ಮರೆಯಬೇಡಿ. ಯಂತ್ರ ಸಂದನ್ನು ಹುಡುಕೀತು, ತುಂಬಲಾರದು. ತುಂಬಬೇಕಾದ್ದು ಮಳೆ, ನಾಲೆ, ಕೆರೆಯ ನೀರು. ಗೆಜ್ಜಲಗೆರೆ ಎಂಬ ಹೆಸರಿನಲ್ಲೇ ಕೆರೆಯಿದೆಯಲ್ಲ! ಹೊಲಕ್ಕೆ ಬದು ಹಾಕಿ, ಕೆರೆಯ ಹೂಳು ತೆಗೆಸಿ. ಇಂಗಿದ ನೀರೇ ನಾಳೆ ಬಾವಿಗೆ ಬರುವ ನೀರು.