ಯಾರ ಮನೇಲಿ ಇಳ್ಕೋತೀರಿ? ಗಂಡ-ಹೆಂಡತಿಯ ಎರಡು ದಿನದ ಬೆಂಗಳೂರಿಗೆ ಒಂದು ಇತಿಹಾಸ

ಶನಿವಾರ, ಭಾನುವಾರ ನಾವಿಬ್ಬರೂ ಬೆಂಗಳೂರಿಗೆ ಹೋಗಿಬರ್ತೀವಿ ಅಂದಾಗ ಮನೆಯಲ್ಲಿ ಕೇಳಿದ ಮೊದಲ ಪ್ರಶ್ನೆ, 'ಯಾರ ಮನೇಲಿ ಇಳ್ಕೋತೀರಿ?' ರೂಮು ಮಾಡಿದೀವಿ ಅಂದೆ. ಅಪ್ಪ ಪೇಪರ್‌ನಿಂದ ತಲೆ ಎತ್ತಲಿಲ್ಲ.

ಅಮ್ಮ ಆಮೇಲೆ ಹಿತ್ತಲಲ್ಲಿ ತಮ್ಮ ಕಥೆ ಹೇಳಿದಳು. ಮದುವೆಯಾದ ಹೊಸದರಲ್ಲಿ, 1987ರಲ್ಲಿ, ಅಪ್ಪ ಅವಳನ್ನು ರಾಜಾಜಿನಗರದ ದೊಡ್ಡಪ್ಪನ ಮನೆಗೆ ಕರೆದುಕೊಂಡು ಹೋಗಿದ್ದರು. ವಠಾರದ ಮನೆ, ಒಂದು ಹಾಲು, ಒಂದು ಅಡುಗೆಮನೆ. ಗಂಡಸರಿಗೆ ಹಾಲು, ಹೆಂಗಸರಿಗೆ ಅಡುಗೆಮನೆ. ನವರಂಗ್ ಟಾಕೀಸಿಗೆ ಎಂಟು ಜನ ಹೋದರು. ಸಾಲಿನ ಆ ತುದಿಗೆ ಅಪ್ಪ, ಈ ತುದಿಗೆ ಅಮ್ಮ. 'ಬೆಂಗ್ಳೂರ ನೋಡ್ದೆ ಕಣಪ್ಪ, ನಿಮ್ಮಪ್ಪನ್ನ ನೋಡ್ನಿಲ್ಲ' ಅಂದಳು.

ನಮ್ಮ ಕಡೆಯ ಎಷ್ಟೋ ದಂಪತಿಗಳ ಕಥೆ ಇದೇ. ಇದರಲ್ಲಿ ತಪ್ಪು ದೊಡ್ಡಪ್ಪನದಲ್ಲ. ಬೆಂಗಳೂರಿನ ಆ ಭಾಗ ಕಟ್ಟಿದ್ದೇ ದುಡಿಯುವವರಿಗಾಗಿ.

1949ರಲ್ಲಿ, ಆಗ ದೇಶದ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಅಲ್ಲಿ ಕೈಗಾರಿಕಾ ಬಡಾವಣೆಗೆ ಅಡಿಗಲ್ಲು ಹಾಕಿದರು. ಅವರ ಹೆಸರೇ ರಾಜಾಜಿನಗರ. ಕಾರ್ಖಾನೆಗಳು ಬಂದವು, ಹಿಂದೆಯೇ ಕೆಲಸಗಾರರ ಮನೆಗಳು, ವಠಾರಗಳು. ಹಳ್ಳಿಯಿಂದ ಒಬ್ಬ ಕೆಲಸಕ್ಕೆ ಸೇರಿದರೆ ಅವನ ಮನೆಯೇ ಊರಿನವರಿಗೆಲ್ಲ ಛತ್ರ. ಆಸ್ಪತ್ರೆ, ಕೋರ್ಟು, ಮದುವೆ ಜವಳಿ ಅಂತ ಹೋದವರೆಲ್ಲ ಅಲ್ಲೇ ಇಳಿಯುತ್ತಿದ್ದರು.

ಆ ಕಾರ್ಖಾನೆಗಳಲ್ಲಿ ಒಂದರ ವಾಸನೆ ನಮ್ಮ ಬಚ್ಚಲುಮನೆಯಲ್ಲೂ ಇದೆ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಹೊರದೇಶಕ್ಕೆ ಹೋಗದೆ ಮೈಸೂರು ಸಂಸ್ಥಾನದಲ್ಲಿ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಅದರಿಂದ ಎಣ್ಣೆ ತೆಗೆದರು, ಎಣ್ಣೆಯಿಂದ ಸೋಪು ಮಾಡಿದರು. ಆ ಮೈಸೂರು ಸ್ಯಾಂಡಲ್ ಸೋಪಿನ ಕಾರ್ಖಾನೆ 1957ರಲ್ಲಿ ರಾಜಾಜಿನಗರಕ್ಕೆ ಬಂತು. ಈಗ ಅಲ್ಲಿನ ಮೆಟ್ರೋ ಸ್ಟೇಷನ್ನಿಗೂ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಂತಲೇ ಹೆಸರು.

ದುಡಿಮೆಯ ಜಾಗ ನಿಧಾನಕ್ಕೆ ತಿರುಗಾಟದ ಜಾಗವೂ ಆಯಿತು. 1997ರಲ್ಲಿ ಗುಡ್ಡದ ಮೇಲೆ ಇಸ್ಕಾನ್ ದೇವಸ್ಥಾನ ತೆರೆಯಿತು. ಹಿಂದೆ ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಕಡೆ 2012ರಲ್ಲಿ ಓರಿಯನ್ ಮಾಲ್ ಬಂತು. ಅದರ ಹಿಂದಿನ ಕೆರೆ ಮನುಷ್ಯರೇ ಮಾಡಿದ್ದು. ಏನೂ ಕೊಳ್ಳದಿದ್ದರೂ ಸಂಜೆ ಅದರ ದಂಡೆಯಲ್ಲಿ ಓಡಾಡಿಕೊಂಡಿರಬಹುದು.

ಇನ್ನು ದಾರಿಯ ವಿಚಾರ. ಬೆಂಗಳೂರು-ಮೈಸೂರು ರೈಲು 1882ರ ಹೊತ್ತಿಗೆ ಪೂರ್ತಿ ಓಡತೊಡಗಿತು. ನಮ್ಮ ಅಜ್ಜಂದಿರು 'ಧಾತು ಬರ' ಅನ್ನುತ್ತಿದ್ದರಲ್ಲ, ಆ ಬರದಲ್ಲಿ ಹೊಟ್ಟೆಗಿಲ್ಲದ ಜನಕ್ಕೆ ಕೂಲಿ ಕೊಡಲೆಂದೇ ಈ ಹಳಿಯ ಕೆಲಸ ಮಾಡಿಸಿದರು. ನಾವು ಮಂಡ್ಯದಲ್ಲಿ ಹತ್ತಿ ಕೆಂಗೇರಿಯಲ್ಲಿ ಇಳಿದಿದ್ದು ಅದೇ ದಾರಿಯಲ್ಲಿ. ಕೆಂಗೇರಿಗೆ ಮೆಟ್ರೋ ಬಂದಿದ್ದು 2021ರ ಆಗಸ್ಟ್‌ನಲ್ಲಿ. ಅಲ್ಲಿಂದ ನೇರಳೆ ಲೈನಿನಲ್ಲಿ ವಿಜಯನಗರ ದಾಟಿ ಮೆಜೆಸ್ಟಿಕ್. ಅಲ್ಲಿ ಹಸಿರು ಲೈನಿಗೆ ಬದಲಾಯಿಸಿದರೆ ರಾಜಾಜಿನಗರ.

ನಮ್ಮ ಲೆಕ್ಕ ಹೀಗಿತ್ತು. ಶನಿವಾರ ಮಧ್ಯಾಹ್ನ ರೂಮಿಗೆ ಬ್ಯಾಗ್ ಹಾಕಿ, ಕಂಠೀರವ ಸ್ಟುಡಿಯೋದಲ್ಲಿ ಅಣ್ಣಾವ್ರು ಮತ್ತು ಅಪ್ಪು ಸಮಾಧಿಗೆ ಕೈ ಮುಗಿದು, ಸಂಜೆ ಇಸ್ಕಾನ್, ಆಮೇಲೆ ಓರಿಯನ್ ಕೆರೆ. ಭಾನುವಾರ ಬೆಳಗ್ಗೆಯೇ ಕೆಂಗೇರಿ ಕಡೆ ವಾಪಸು, ರಾಮೋಹಳ್ಳಿ ಹತ್ತಿರದ ದೊಡ್ಡ ಆಲದಮರ. ಸುಮಾರು ಮೂರು ಎಕರೆ ಹರಡಿದೆ. ರೋಗ ಬಂದು ಮೂಲ ಕಾಂಡವೇ ಹೋಗಿದೆ, ಬಿಳಲುಗಳೇ ಮರವಾಗಿ ನಿಂತಿವೆ. ಮಧ್ಯಾಹ್ನವಾದರೆ ಜನ ಜಾಸ್ತಿ. ಕೋತಿಗಳೂ ಇವೆ, ತಿಂಡಿ ಕವರ್ ಕೈಯಲ್ಲಿ ಹಿಡಿಯಬೇಡಿ.

ಒಂದು ಮಾತು ಮುಖ್ಯ. ಇಬ್ಬರ ಗುರುತಿನ ಚೀಟಿಯೂ ಇರಲಿ. ನನ್ನ ಹೆಂಡತಿಯ ಆಧಾರ್‌ನಲ್ಲಿ ಇನ್ನೂ ತವರಿನ ವಿಳಾಸವೇ ಇತ್ತು. ಮೊದಲು ಹೋದ ಲಾಡ್ಜಿನವನು ಅದನ್ನು ನೋಡಿ, ಅವಳ ಕೊರಳಿನ ಕಡೆ ಕಣ್ಣು ಹಾಯಿಸಿ, ರೂಮಿಲ್ಲ ಅಂದ. ಅವಳ ಮುಖ ಸಣ್ಣದಾಯಿತು. ವಯಸ್ಸಿಗೆ ಬಂದ ಗಂಡು-ಹೆಣ್ಣು ಒಂದು ರೂಮಿನಲ್ಲಿ ಇರಬಾರದು ಅಂತ ಯಾವ ಕಾನೂನೂ ಇಲ್ಲ. ಆದರೆ ಕೌಂಟರಿನಲ್ಲಿ ನಿಂತು ವಾದ ಮಾಡಲು ನಾವು ಬಂದಿರಲಿಲ್ಲ. ಪಕ್ಕದ ರಸ್ತೆಯಲ್ಲಿ ಏನೂ ಕೇಳದೆ ಕೊಟ್ಟರು. ನೀವು ಹೋಗುವ ಮೊದಲೇ ಫೋನ್ ಮಾಡಿ ವಿಚಾರಿಸಿಕೊಳ್ಳಿ.

ರಾತ್ರಿ ಕೆರೆ ದಂಡೆಯಲ್ಲಿ ಎರಡು ಗಂಟೆ ಕೂತೆವು. ಮಗಳ ಸ್ಕೂಲು, ಬೋರ್‌ವೆಲ್ ಸಾಲ, ಮೊದಲ ಸಲ ನೋಡಿದ ದಿನ, ಎಲ್ಲಾ ಮಾತಾಡಿದೆವು. ಮದುವೆಯಾಗಿ ಏಳು ವರ್ಷ. ಒಬ್ಬರೂ ಮಧ್ಯೆ ಕರೆಯದೆ ಅಷ್ಟು ಹೊತ್ತು ಕೂತಿದ್ದು ಅದೇ ಮೊದಲು.

ಅಮ್ಮನಿಗೆ ಸ್ಯಾಂಡಲ್ ಸೋಪಿನ ಡಬ್ಬಿ ತಂದುಕೊಟ್ಟೆ. ಮೂಸಿ ನೋಡಿ ಬೀರುವಿನಲ್ಲಿಟ್ಟಳು. ಆಮೇಲೆ ಅಪ್ಪನಿಗೆ ಕೇಳಿಸದ ಹಾಗೆ ಕೇಳಿದಳು: 'ಆ ಮೆಟ್ರೋಲಿ ಇಬ್ರಿಗೂ ಅಕ್ಕಪಕ್ಕದಲ್ಲೇ ಸೀಟು ಸಿಗ್ತದಾ?'